ಏಳು ಸುತ್ತಿನ ಊರು, ಒಂದು ದಿಡ್ಡಿ ಬಾಗಿಲು

ಫ್ಯಾಂಟಸಿ ಕಾದಂಬರಿ ಯಾವುದನ್ನೇ ತೆರೆಯಿರಿ, ಮೊದಲ ಪುಟಗಳಲ್ಲಿ ನಕ್ಷೆಯೊಂದು ಇದ್ದೇ ಇರುತ್ತದೆ. ನಡುವೆ ಒಂದು ಊರು, ಊರ ಸುತ್ತ ಕೋಟೆ, ಕೋಟೆಗೆ ಐದೋ ಏಳೋ ಬಾಗಿಲು, ಒಳಗೆ ಅಕ್ಕಸಾಲಿಗರ ಕೇರಿ, ಬಂದರಿನ ಪೇಟೆ, ಅರಮನೆ. ಪುಸ್ತಕ ಓದಿ ಮುಗಿಸುವ ಹೊತ್ತಿಗೆ ಆ ಬಾಗಿಲುಗಳಲ್ಲಿ ಅರ್ಧಕ್ಕರ್ಧ ಕತೆಗೆ ಬೇಕೇ ಇರಲಿಲ್ಲ ಎಂದು ಗೊತ್ತಾಗುತ್ತದೆ. ಜೆ.ಆರ್.ಆರ್. ಟೋಲ್ಕಿನ್ ಕಟ್ಟಿದ ಮಿನಾಸ್ ತಿರಿತ್ ಇದಕ್ಕೆ ದೊಡ್ಡ ಅಪವಾದ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರನೆಯ ಸಂಪುಟ 1955ರ ಅಕ್ಟೋಬರಿನಲ್ಲಿ ಹೊರಬಂತು. ಅಂದಿನಿಂದ ಇಂದಿನವರೆಗೆ ಓದುಗರು ಈ ಊರನ್ನು ನೋಡಿಬಂದವರ ಹಾಗೆ ಮಾತಾಡುತ್ತಾರೆ. ಯಾವ ಬಾಗಿಲು ಯಾವ ದಿಕ್ಕಿಗಿದೆ, ಯಾವ ಸುತ್ತಿನಲ್ಲಿ ಏನಿದೆ ಎಂದು ಹೇಳದೆ ಇದರ ಕತೆಯನ್ನು ಹೇಳಲು ಬರುವುದೇ ಇಲ್ಲ.

ಮಿಂಡೊಲ್ಲುಯಿನ್ ಎಂಬ ದೊಡ್ಡ ಪರ್ವತದ ಮೂಡಣ ಮಗ್ಗುಲಿಗೆ ಅಂಟಿಕೊಂಡ ಒಂದು ಗುಡ್ಡ. ಆ ಗುಡ್ಡವನ್ನು ಬಳಸಿ ಒಂದರ ಮೇಲೊಂದು ಏಳು ಸುತ್ತು ಗೋಡೆ; ಸುತ್ತಿಗೊಂದು ಬಾಗಿಲು. ಎಲ್ಲಕ್ಕಿಂತ ಕೆಳಗಿನ ಹೆಬ್ಬಾಗಿಲು ನೇರ ಪೂರ್ವಕ್ಕಿದೆ. ಎರಡನೆಯದು ತುಸು ತೆಂಕಣಕ್ಕೆ ವಾಲಿದೆ, ಮೂರನೆಯದು ತುಸು ಬಡಗಣಕ್ಕೆ, ನಾಲ್ಕನೆಯದು ಮತ್ತೆ ತೆಂಕಣಕ್ಕೆ. ಹೀಗಾಗಿ ಕಲ್ಲುಹಾಸಿನ ದಾರಿ ಗುಡ್ಡದ ಮುಖದ ಮೇಲೆ ಅತ್ತಿಂದಿತ್ತ ಹಾವಿನಂತೆ ಹೊರಳುತ್ತ ಏರುತ್ತದೆ. ಹೆಬ್ಬಾಗಿಲಿನ ಹಿಂದಿನ ಅಂಗಳದಿಂದ ಹಡಗಿನ ಮೂತಿಯಂತೆ ಚೂಪಾದ ಭಾರೀ ಬಂಡೆಯೊಂದು ನೆತ್ತಿಯವರೆಗೂ ಎದ್ದು ನಿಂತಿದೆ; ಮೊದಲನೆಯದನ್ನು ಬಿಟ್ಟು ಉಳಿದ ಸುತ್ತುಗಳನ್ನೆಲ್ಲ ಅದು ಎರಡಾಗಿ ಸೀಳುತ್ತದೆ. ದಾರಿ ಈ ಬಂಡೆಗೆ ಅಡ್ಡ ಬಂದಾಗಲೆಲ್ಲ ಕಮಾನಿನ ಸುರಂಗದೊಳಗೆ ನುಗ್ಗಿ ಆಚೆ ಬರುತ್ತದೆ. ಬಂಡೆಯ ತುದಿಯಲ್ಲಿ ನಿಂತವನಿಗೆ ಹೆಬ್ಬಾಗಿಲು ಏಳುನೂರು ಅಡಿ ಕೆಳಗೆ ಕಾಣುತ್ತದೆ. ಏಳನೆಯ ಬಾಗಿಲಿನೊಳಗೆ ಒಳಕೋಟೆ. ಅಲ್ಲಿ ಎಕ್ತೆಲಿಯನ್ನನ ಬಿಳಿಯ ಗೋಪುರ, ಒಣಗಿದ ಬಿಳಿಯ ಮರ, ಬರಿದಾದ ಸಿಂಹಾಸನ. ಅರಸರ ಆಳ್ವಿಕೆ ನಿಂತು ಒಂಬತ್ತುನೂರು ವರ್ಷ ಮೀರಿದೆ. ರಾಜಪ್ರತಿನಿಧಿಗಳು ತಲೆತಲಾಂತರದಿಂದ ಊರನ್ನು ಕಾಯುತ್ತ ಬಂದಿದ್ದಾರೆ. ಸಿಂಹಾಸನದ ಮೇಲೆ ಅವರು ಕೂರುವುದಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಅವರ ಕರಿಕಲ್ಲಿನ ಪೀಠ.

ಬಾಗಿಲುಗಳನ್ನು ಒಂದರ ನೇರಕ್ಕೆ ಒಂದು ಇಡದೆ ಓರೆಯಾಗಿಸಿದ್ದು ಏಕೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿದವರು ಆ ತಿರುವುಗಳನ್ನು ಕಾಲಿನಲ್ಲೇ ಅರಿತಿದ್ದಾರೆ. ಬಾಗಿಲಿನೆದುರು ನೇರ ದಾರಿಯಿದ್ದರೆ ಆನೆಯೋ ದಿಮ್ಮಿಯೋ ಓಡಿಬಂದು ಗುದ್ದುತ್ತದೆ. ತಿರುವಿದ್ದರೆ ಓಟಕ್ಕೆ ಜಾಗವಿಲ್ಲ, ಮೇಲಿನಿಂದ ಹೊಡೆಯುವವನಿಗೆ ಶತ್ರುವಿನ ಪಕ್ಕೆ ಸಿಗುತ್ತದೆ. ಟೋಲ್ಕಿನ್ ಮೊದಲ ಮಹಾಯುದ್ಧದಲ್ಲಿ ಕಾದಾಡಿದ ಸೈನಿಕ, ಅದಕ್ಕಿಂತ ಹೆಚ್ಚಾಗಿ ನಕ್ಷೆಯ ಮನುಷ್ಯ. ಮೊದಲು ನಕ್ಷೆ ಬರೆದು ಆಮೇಲೆ ಕತೆಯನ್ನು ಅದಕ್ಕೆ ಹೊಂದಿಸಿದೆ ಎಂಬ ಅರ್ಥದಲ್ಲಿ ಅವರು 1954ರ ಒಂದು ಪತ್ರದಲ್ಲಿ ಬರೆದಿದ್ದಾರೆ. ಪಾಲಿನ್ ಬೇನ್ಸ್ ಎಂಬ ಕಲಾವಿದೆ ಈ ಲೋಕದ ನಕ್ಷೆಯನ್ನು ಹೊಸದಾಗಿ ಬರೆಯುತ್ತಿದ್ದಾಗ, ಮಿನಾಸ್ ತಿರಿತ್ ಇಟಲಿಯ ರವೆನ್ನಾದ ಅಕ್ಷಾಂಶದಲ್ಲಿದೆ ಎಂದು ಆಕೆಗಾಗಿ ನಕ್ಷೆಯ ಪ್ರತಿಯ ಮೇಲೆಯೇ ಟಿಪ್ಪಣಿ ಹಾಕಿದರು. ಆ ಪ್ರತಿ 2016ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ಸೇರಿತು. ಇಲ್ಲದ ಊರಿಗೆ ಬಿಸಿಲೆಷ್ಟು, ಚಳಿಯೆಷ್ಟು ಎಂದು ಲೆಕ್ಕ ಹಾಕಿದವರು ಅದರ ಬಾಗಿಲುಗಳನ್ನು ಕೈಗೆ ಬಂದಂತೆ ಇಟ್ಟಿರಲಾರರು.

ಅವರ ಕೈಯಲ್ಲಿ ಊರಿನ ಕೇರಿಗಳು ಅಷ್ಟು ತುಂಬಿ ಬಂದಿಲ್ಲ, ಅದನ್ನೂ ಹೇಳಬೇಕು. ಜಾರ್ಜ್ ಆರ್.ಆರ್. ಮಾರ್ಟಿನ್ 1996ರಿಂದ ಪ್ರಕಟಿಸುತ್ತ ಬಂದ ಕಾದಂಬರಿಮಾಲೆಯ ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್‌ಗೂ ಏಳು ಬಾಗಿಲುಗಳಿವೆ. ಅಲ್ಲಿ ನದಿಯ ಕಡೆಯ ಬಾಗಿಲನ್ನು ಜನ ಕೆಸರು ಬಾಗಿಲು ಎನ್ನುತ್ತಾರೆ, ಅದರ ಬಳಿ ಮೀನು ಮಾರುಕಟ್ಟೆ. ಕಮ್ಮಾರರಿಗೆ ಬೇರೆ ಬೀದಿ. ಬಡವರ ಕೊಳೆಗೇರಿಯಲ್ಲಿ ಅಂಬಲಿ ಬೇಯುತ್ತದೆ, ಹಸಿವು ಹೆಚ್ಚಿದ ದಿನ ದಂಗೆ ಏಳುತ್ತದೆ. ಊಟ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಮಾರ್ಟಿನ್ ಬಿಡುವುದಿಲ್ಲ. ಮಿನಾಸ್ ತಿರಿತ್‌ನಲ್ಲಿ ಸಂತೆ ಕಾಣದು. ಟೋಲ್ಕಿನ್ ಹೆಸರು ಹಿಡಿದು ತೋರಿಸುವುದು ಎರಡೇ ಬೀದಿಗಳನ್ನು. ಒಂದು ಮೊದಲ ಸುತ್ತಿನ ದೀಪ ಮಾಡುವವರ ಬೀದಿ, ಇನ್ನೊಂದು ಸತ್ತ ಅರಸರ ಮೌನಬೀದಿ. ಇವೆರಡರ ನಡುವೆ ಇರುವುದು ಹೆಚ್ಚಾಗಿ ಖಾಲಿ ಮನೆಗಳು. ಪಿಪ್ಪಿನ್ ಎಂಬ ಹಾಬಿಟ್, ಅಂದರೆ ಮಕ್ಕಳೆತ್ತರದ ಜನಾಂಗದ ತರುಣ, ಮಾಂತ್ರಿಕ ಗಂಡಾಲ್ಫನ ಕುದುರೆಯ ಮೇಲೆ ಮೊದಲ ಸಲ ಈ ಬೀದಿಗಳಲ್ಲಿ ಬರುವಾಗ ಅದನ್ನು ಗಮನಿಸುತ್ತಾನೆ. ದೊಡ್ಡ ದೊಡ್ಡ ಮನೆಗಳ ಬಾಗಿಲ ಮೇಲೆ ಹಳೆಯ ಮನೆತನಗಳ ಹೆಸರು ಚೆಂದದ ಅಕ್ಷರದಲ್ಲಿ ಕೆತ್ತಿದೆ. ಒಳಗೆ ಹೆಜ್ಜೆ ಸಪ್ಪಳವಿಲ್ಲ, ಕಿಟಕಿಯಿಂದ ಯಾರೂ ಇಣುಕುವುದಿಲ್ಲ. ಊರು ಹಿಡಿಸುವಷ್ಟು ಜನರಲ್ಲಿ ಅರ್ಧದಷ್ಟು ಮಂದಿ ಈಗ ಇಲ್ಲ. ನಮ್ಮ ಹಳೆಯ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಗೆ ತಪ್ಪದ ಸ್ಥಾನವಿತ್ತು. ಅಲ್ಲಿ ಪುರವೆಂದರೆ ಅಗಳು, ಕೊತ್ತಳ, ಉಪ್ಪರಿಗೆ, ಕಿಕ್ಕಿರಿದ ಅಂಗಡಿಬೀದಿ, ಸಿರಿ. ಟೋಲ್ಕಿನ್ನರ ಪುರವರ್ಣನೆಯಲ್ಲಿ ಸಿರಿಯ ಪಕ್ಕದಲ್ಲೇ ಬರಿದಾಗುತ್ತಿರುವ ಊರಿನ ಸಂಕಟವಿದೆ. ನನಗೆ ಆ ಅಧ್ಯಾಯ ಇಷ್ಟವಾಗುವುದು ಈ ಸಂಕಟದಿಂದಲೇ.

ಹೆಬ್ಬಾಗಿಲಿನ ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ಯುದ್ಧ ಬರುತ್ತಿದೆಯೆಂದು ಹೆಂಗಸರನ್ನೂ ಮಕ್ಕಳನ್ನೂ ಗಾಡಿಗಳಲ್ಲಿ ಹೇರಿ ತೆಂಕಣದ ಕಣಿವೆಗಳಿಗೆ ಸಾಗಿಸಿಯಾಗಿದೆ. ಉಳಿದ ಕೆಲವೇ ಹುಡುಗರಲ್ಲಿ ಬೆರ್ಗಿಲ್ ಒಬ್ಬ. ಒಳಕೋಟೆಯ ಕಾವಲುಗಾರ ಬೆರೆಗೊಂಡನ ಮಗ, ಹತ್ತು ವರ್ಷದವನು. ಹಿರಿಯರು ಜೊತೆಗಿಲ್ಲದೆ ಹುಡುಗರು ಹೆಬ್ಬಾಗಿಲು ದಾಟುವಂತಿಲ್ಲ ಎಂಬುದು ಅಂದಿನ ಕಟ್ಟಳೆ. ಪಿಪ್ಪಿನ್ನನಿಗೆ ಕಾವಲಿನವರ ಗುಟ್ಟಿನ ಮಾತು ಗೊತ್ತಿದೆ. ಹುಡುಗನಿಗೆ ಅಷ್ಟು ಸಾಕು, ಅವನ ಕೈಹಿಡಿದು ಆಚೆ ಬರುತ್ತಾನೆ. ತೆಂಕಣ ನಾಡುಗಳ ದಳಗಳು ನೆರವಿಗೆ ಬರುತ್ತಿವೆ, ಜನ ರಸ್ತೆಯ ಇಕ್ಕೆಲದಲ್ಲಿ ಸಾಲುಗಟ್ಟಿ ನಿಂತು ಎಣಿಸುತ್ತಿದ್ದಾರೆ. ಲೊಸ್ಸರ್ನಾಕ್‌ನ ದಢೂತಿ ಮುದುಕ ಫೊರ್ಲಾಂಗ್ ಬಂದ. ಅವನ ಹಿಂದೆ ಕೊಡಲಿ ಹೊತ್ತ 200 ಮಂದಿ. ಇದರ ಹತ್ತರಷ್ಟು ಬರುತ್ತಾರೆಂದು ಊರು ಕಾದಿತ್ತು. ಇನ್ನೊಂದು ಕಣಿವೆಯಿಂದ 300, ಮೊರ್ತೊಂಡ್‌ನಿಂದ 500 ಬಿಲ್ಲಾಳುಗಳು, ಕೊನೆಗೆ ಡೋಲ್ ಅಮ್ರೋತ್‌ನ ದೊರೆ ಇಮ್ರಾಹಿಲನ ಕುದುರೆಪಡೆ ಮತ್ತು 700 ಕಾಲಾಳು. ಎಲ್ಲ ಸೇರಿ 3000 ಮುಟ್ಟಲಿಲ್ಲ. ಒಂದೊಂದು ದಳ ಒಳಹೋದಾಗಲೂ ಜನ ಜೈಕಾರ ಹಾಕುತ್ತಾರೆ, ಸದ್ದಡಗಿದ ಮೇಲೆ ಮುಖಗಳು ಕಪ್ಪಿಡುತ್ತವೆ. ಸೇನಾಪತಿಯೊಬ್ಬನ ಬಾಯಲ್ಲಿ ಅಂಕಿಅಂಶ ಹೇಳಿಸಿದ್ದರೆ ನಾವು ಪುಟ ತಿರುವಿ ಮುಂದೆ ಹೋಗುತ್ತಿದ್ದೆವು. ಬಾಗಿಲಿನ ಬಳಿ ನಿಂತು ಎಣಿಸಿದ್ದರಿಂದ ಆ ಕೊರತೆ ನಮ್ಮ ಎದೆಗೂ ತಟ್ಟುತ್ತದೆ.

ಇನ್ನು ಮುತ್ತಿಗೆ. ಹೊರಗೋಡೆಯನ್ನು ಟೋಲ್ಕಿನ್ ಬೇಕೆಂದೇ ಅಭೇದ್ಯ ಮಾಡಿಟ್ಟಿದ್ದಾರೆ. ಕಪ್ಪಾದ, ನುಣುಪಾದ ಕಲ್ಲು. ಉಕ್ಕಾಗಲಿ ಬೆಂಕಿಯಾಗಲಿ ಅದನ್ನು ಏನೂ ಮಾಡಲಾರದು. ಆದ್ದರಿಂದ ಶತ್ರುನಾಡಾದ ಮೊರ್ಡೋರ್‌ಗೆ ಉಳಿದದ್ದು ಹೆಬ್ಬಾಗಿಲು ಒಂದೇ. ಮೊರ್ಡೋರ್‌ನ ಕಮ್ಮಟದಲ್ಲಿ ಅದಕ್ಕೆಂದೇ ನೂರು ಅಡಿ ಉದ್ದದ, ತೋಳದ ತಲೆಯ ಗುದ್ದುದಿಮ್ಮಿ ತಯಾರಾಗುತ್ತದೆ. ಶತ್ರುಸೇನೆಯ ದಂಡನಾಯಕ, ನಾಜ್‌ಗುಲ್ ಎಂಬ ಪ್ರೇತಸವಾರರ ಒಡೆಯ, ಮಂತ್ರ ಕೂಗುತ್ತಾನೆ, ದಿಮ್ಮಿ ಮೂರು ಸಲ ಬಡಿಯುತ್ತದೆ, ಮೂರನೆಯ ಏಟಿಗೆ ಉಕ್ಕಿನ ಕದಗಳು ಸಿಡಿದು ಚೂರಾಗುತ್ತವೆ. ಎದುರಾಳಿ ಯಾರೂ ಹಿಂದೆಂದೂ ಹಾಯದ ಕಮಾನಿನ ಕೆಳಗೆ ಅವನು ಕುದುರೆ ನಡೆಸಿ ಬರುತ್ತಾನೆ. ಒಳ ಅಂಗಳದಲ್ಲಿ ಗಂಡಾಲ್ಫ್ ಒಬ್ಬನೇ ಕುದುರೆಯ ಮೇಲೆ ಅಲುಗದೆ ನಿಂತಿದ್ದಾನೆ. ಅಷ್ಟರಲ್ಲಿ ಊರೊಳಗೆಲ್ಲೋ ಕೋಳಿ ಕೂಗುತ್ತದೆ, ಬಡಗಣದಿಂದ ಮಿತ್ರರಾಜ್ಯ ರೋಹನ್ನಿನ ಸವಾರರ ಕೊಂಬು ಮೊಳಗುತ್ತದೆ. ನಾಜ್‌ಗುಲ್ ಒಡೆಯ ಕುದುರೆ ತಿರುಗಿಸಿ ಹೋಗಿಬಿಡುತ್ತಾನೆ.

ಇಷ್ಟು ಸಿದ್ಧತೆ ಮಾಡಿ ಮುರಿದ ಬಾಗಿಲಿನಿಂದ ಶತ್ರುಸೇನೆ ಒಳಗೆ ಬರುವುದೇ ಇಲ್ಲ. ಓರೆ ಬಾಗಿಲುಗಳು, ಸುರಂಗಗಳು, ಆರು ಸುತ್ತಿನ ಕಾವಲು, ಒಂದೂ ಪರೀಕ್ಷೆಗೆ ಸಿಗುವುದಿಲ್ಲ. ಹಾಗಾದರೆ ಆ ಅಂಕುಡೊಂಕು ದಾರಿಯನ್ನು ಅಷ್ಟು ಮುತುವರ್ಜಿಯಿಂದ ಕಟ್ಟಿದ್ದು ಯಾವುದಕ್ಕೆ? ನಾನು ಈ ಪುಸ್ತಕಕ್ಕೆ ಮತ್ತೆ ಮತ್ತೆ ಮರಳಿದಂತೆ ಉತ್ತರ ಆರನೆಯ ಸುತ್ತಿನಲ್ಲಿದೆ ಅನಿಸಿದೆ.

ಆರನೆಯ ಸುತ್ತು ಸೇವೆಯವರ ಕೇರಿ. ಕುದುರೆಗಳು ಒಳಕೋಟೆಗೆ ಹೋಗುವಂತಿಲ್ಲ. ಓಲೆಕಾರರ ಲಾಯ ಇಲ್ಲಿಯೇ. ತೆಂಕಣ ಗೋಡೆಯ ಹತ್ತಿರ, ಒಳಕೋಟೆಯ ಬಾಗಿಲಿಗೆ ಕೂಗಳತೆಯಲ್ಲಿ ಆಸ್ಪತ್ರೆಯ ಮನೆಗಳು. ಅವುಗಳ ಸುತ್ತ ಮರ, ಹುಲ್ಲುಹಾಸು; ಈ ಕಲ್ಲಿನ ಊರಿನಲ್ಲಿ ಅಂಥ ಹಸಿರು ಬೇರೆಲ್ಲೂ ಇಲ್ಲ. ಮದ್ದು ಮಾಡುವ ಕೆಲವು ಹೆಂಗಸರು ಊರು ಬಿಡದೆ ಉಳಿದದ್ದೂ ಇಲ್ಲಿಯೇ. ಇದೇ ಸುತ್ತಿನ ಹಿಂಬದಿಯಲ್ಲಿ, ಪಡುವಣ ಗೋಡೆಯಲ್ಲಿ, ಇನ್ನೊಂದು ದಿಡ್ಡಿ ಬಾಗಿಲಿದೆ. ಇದು ಏಳರ ಲೆಕ್ಕಕ್ಕೆ ಸೇರದ್ದು. ಫೆನ್ ಹೊಲೆನ್, ಮುಚ್ಚಿದ ಬಾಗಿಲು. ಸಾವಿನ ಮೆರವಣಿಗೆಗೆ ಮಾತ್ರ ಅದನ್ನು ತೆರೆಯುತ್ತಾರೆ. ದೀಪ ಇಟ್ಟುಕೊಂಡು ಕೂತ ಬಾಗಿಲವನ ಬಳಿ ಕೀಲಿಕೈ. ಆಚೆ ಸುತ್ತುದಾರಿಯೊಂದು ಪರ್ವತದ ನೆರಳಿಗೆ ಇಳಿದು ಮೌನಬೀದಿಗೆ, ಅರಸರ ಮತ್ತು ರಾಜಪ್ರತಿನಿಧಿಗಳ ಸಮಾಧಿಮನೆಗಳಿಗೆ ಹೋಗುತ್ತದೆ.

ಒಂದೇ ಕೇರಿಯಲ್ಲಿ ಬದುಕಿಸುವ ಮನೆಯೂ ಇದೆ, ಹೂಳುವ ಮನೆಯ ಬಾಗಿಲೂ ಇದೆ. ಹೆಬ್ಬಾಗಿಲು ಮುರಿಯುವ ಮುನ್ನಿನ ರಾತ್ರಿ ರಾಜಪ್ರತಿನಿಧಿ ಡೆನೆತೋರ್ ಒಳಕೋಟೆಯಿಂದ ಈ ಸುತ್ತಿಗೆ ಇಳಿದು ಬರುತ್ತಾನೆ. ಆಳುಗಳು ಹೊತ್ತ ಮಂಚದ ಮೇಲೆ ಮಗ ಫಾರಮಿರ್, ಗಾಯಗೊಂಡು ಜ್ವರದಲ್ಲಿ ಬೇಯುತ್ತಿರುವವನು. ಆಸ್ಪತ್ರೆ ಹತ್ತಿರದಲ್ಲೇ ಇದೆ. ಅಪ್ಪ ಪಡುವಣಕ್ಕೆ ತಿರುಗುತ್ತಾನೆ. ಊರು ಹೋಯಿತು, ಮಗನೂ ಉಳಿಯಲಾರ ಎಂದು ಅವನ ಮನಸ್ಸು ತೀರ್ಮಾನಿಸಿಬಿಟ್ಟಿದೆ. ಸೌದೆ, ಎಣ್ಣೆ ತರಿಸಿ ಇಬ್ಬರೂ ಜೀವಂತ ಸುಟ್ಟುಹೋಗುವುದು ಅವನ ನಿರ್ಧಾರ. ಬಾಗಿಲವನು ಕದ ತೆರೆಯುತ್ತಾನೆ. ಒಡೆಯನ ಅಪ್ಪಣೆ ಅದು, ತೆರೆಯದೆ ಇರಲಾರ. ಮೊರ್ಡೋರ್‌ನ ದಿಮ್ಮಿ ಕೆಳಗೆ ಏಟು ಹಾಕುವ ಮೊದಲೇ ಊರಿನ ಒಂದು ಬಾಗಿಲು ಒಳಗಿನವರ ಕೈಯಿಂದಲೇ ತೆರೆದುಕೊಂಡಿತು.

ಮಿನಾಸ್ ತಿರಿತ್‌ನ ನಿಜವಾದ ಮುತ್ತಿಗೆ ನಡೆದದ್ದು ಇಲ್ಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಾರಿಯ ಅಂಕುಡೊಂಕು ಈಗ ಕೆಲಸಕ್ಕೆ ಬರುತ್ತದೆ. ಸಮಾಧಿಮನೆಯಿಂದ ಪಿಪ್ಪಿನ್ ಓಡುತ್ತಾನೆ. ಒಳಕೋಟೆಯ ಬಾಗಿಲ ಬಳಿ ಪಹರೆಗೆ ನಿಂತ ಬೆರೆಗೊಂಡನಿಗೆ ಸುದ್ದಿ ಹೇಳಿ, ನಿನ್ನ ಕಟ್ಟಳೆ ದೊಡ್ಡದೋ ಫಾರಮಿರನ ಜೀವ ದೊಡ್ಡದೋ ನೀನೇ ನೋಡಿಕೋ ಎಂದು ಬಿಟ್ಟು ಕೆಳಗಿಳಿಯುತ್ತಾನೆ. ಸುತ್ತಿನಿಂದ ಸುತ್ತಿಗೆ, ಬಾಗಿಲಿನಿಂದ ಬಾಗಿಲಿಗೆ, ಹೆದರಿ ಮೇಲಕ್ಕೆ ಓಡಿಬರುತ್ತಿರುವ ಜನರ ಎದುರಿಗೆ, ಉರಿಯುತ್ತಿರುವ ಮೊದಲ ಸುತ್ತಿನವರೆಗೂ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಹೆಬ್ಬಾಗಿಲು ಮುರಿದಿದೆ. ಗಂಡಾಲ್ಫನ ಮುಂದೆ ಈಗ ಎರಡು ದಾರಿ. ಬಾಗಿಲಿನಾಚೆ ಹೋದರೆ ನಾಜ್‌ಗುಲ್ ಒಡೆಯನನ್ನು ತಡೆಯಬಹುದು. ಮೇಲೆ ಹತ್ತಿದರೆ ಫಾರಮಿರ್ ಉಳಿದಾನು, ಬಯಲಿನಲ್ಲಿ ಬೇರೆಯವರು ಸಾಯುತ್ತಾರೆ. ಅದನ್ನು ತಿಳಿದೇ ಅವನು ಕುದುರೆಯನ್ನು ಮೇಲಕ್ಕೆ ತಿರುಗಿಸುತ್ತಾನೆ. ರೋಹನ್ನಿನ ಮುದಿ ಅರಸ ಥಿಯೊಡೆನ್ ಅಂದು ಬಯಲಿನಲ್ಲಿ ಬಿದ್ದ. ನೇರ ಮೆಟ್ಟಿಲ ಸಾಲೊಂದು ಮೇಲಿಂದ ಕೆಳಕ್ಕೆ ಇದ್ದಿದ್ದರೆ ಈ ಕತೆಯ ಭಾರ ಅರ್ಧಕ್ಕಿಳಿಯುತ್ತಿತ್ತು.

ಮುಚ್ಚಿದ ಬಾಗಿಲಿಗೆ ಬಂದರೆ ಬಾಗಿಲವನು ಹೆಣವಾಗಿದ್ದಾನೆ. ಒಳಗೆ ಸಮಾಧಿಮನೆಯ ಹೊಸ್ತಿಲಲ್ಲಿ ಬೆರೆಗೊಂಡ್ ಕತ್ತಿ ಹಿಡಿದು ಒಬ್ಬನೇ ನಿಂತು, ಪಂಜು ಹಿಡಿದ ಆಳುಗಳನ್ನು ತಡೆದಿದ್ದಾನೆ. ಅವರಲ್ಲಿ ಇಬ್ಬರು ಅವನ ಕತ್ತಿಗೆ ಬಿದ್ದಿದ್ದಾರೆ. ಅಪ್ಪಣೆಯಿಲ್ಲದೆ ಪಹರೆ ಬಿಟ್ಟುಬಂದವನಿಗೆ ಮರಣದಂಡನೆ, ಅದು ಅವನಿಗೂ ಗೊತ್ತು. ಫಾರಮಿರ್ ಉಳಿಯುತ್ತಾನೆ, ಡೆನೆತೋರ್ ತನ್ನ ಚಿತೆಯನ್ನು ತಾನೇ ಹತ್ತುತ್ತಾನೆ. ಹಿಂದಿರುಗುವಾಗ ಬೆರೆಗೊಂಡ್ ತಾನು ಕೊಂದ ಬಾಗಿಲವನನ್ನು ಕಂಡು ಕೊರಗುತ್ತಾನೆ. ಆತುರದಲ್ಲಿದ್ದೆ, ಅವನು ನನ್ನ ಮಾತು ಕೇಳಲಿಲ್ಲ, ಕತ್ತಿ ಹಿರಿದ ಎನ್ನುತ್ತಾನೆ. ಸತ್ತವನಿಂದ ಕಿತ್ತುಕೊಂಡ ಕೀಲಿಕೈಯಿಂದ ಕದಕ್ಕೆ ಬೀಗ ಹಾಕಿ, ಇದು ಈಗ ಫಾರಮಿರನಿಗೆ ಸೇರಬೇಕು ಎಂದು ಅವನು ಹೇಳಿದರೆ, ಊರು ಒಂದು ಹದಕ್ಕೆ ಬರುವವರೆಗೆ ನೀನೇ ಇಟ್ಟುಕೊಂಡು ಕಾಯಿ ಎಂದು ಗಂಡಾಲ್ಫ್ ಒಪ್ಪಿಸುತ್ತಾನೆ. ಬಾಗಿಲವನನ್ನು ಕೊಂದವನಿಗೇ ಬಾಗಿಲು ಕಾಯುವ ಹೊಣೆ! ಕೆಳಗಿನ ಬಯಲಿನ ಮಹಾಯುದ್ಧಕ್ಕಿಂತ ಹೆಚ್ಚು ಕಾಲ ನನ್ನನ್ನು ಕಾಡಿದ್ದು ಈ ಕೀಲಿಕೈ.

ಕನ್ನಡದ ಓದುಗರಿಗೆ ಇಲ್ಲಿ ಚಿತ್ರದುರ್ಗದ ಒನಕೆ ಓಬವ್ವ ನೆನಪಾಗುವುದು ಸಹಜ. ಹೈದರಾಲಿಯ ಪಡೆ ಮಹಾದ್ವಾರಗಳನ್ನು ಬಿಟ್ಟು ನೀರು ತರುವ ದಾರಿಯ ಕಿಂಡಿಯಲ್ಲಿ ತೆವಳಿಕೊಂಡು ಬಂದಾಗ ತಡೆದವಳು ಪಹರೆಯವನ ಹೆಂಡತಿ, ಕಾವಲಿನ ಪಟ್ಟಿಯಲ್ಲಿ ಹೆಸರೇ ಇಲ್ಲದವಳು. ಸನ್ನಿವೇಶ ಬೇರೆ, ನಾಡು ಬೇರೆ. ಆದರೂ ಏಳು ಸುತ್ತು ಕಟ್ಟಿದ ಊರು ಉಳಿಯುವುದೋ ಅಳಿಯುವುದೋ ಎಂಬುದು ನಕ್ಷೆಯ ಅಂಚಿನ ಸಣ್ಣ ತೆರಪಿನಲ್ಲಿ ತೀರ್ಮಾನವಾಗುವುದನ್ನು ನಾವು ಚಿಕ್ಕಂದಿನಿಂದ ಕೇಳಿ ಬೆಳೆದವರು. 1779ರಲ್ಲಿ ಕೋಟೆ ಕೊನೆಗೂ ಹೈದರನ ಕೈಸೇರಿತು. ಕಿಂಡಿಗೆ ಮಾತ್ರ ಇಂದಿಗೂ ಓಬವ್ವನದೇ ಹೆಸರು.

ಟೋಲ್ಕಿನ್ನರ ಮನಸ್ಸಿನಲ್ಲಿ ಈ ಚಿಂತೆ ಬಹಳ ಹಿಂದಿನಿಂದ ಇತ್ತು. ಸೊಮ್ ಕದನದಲ್ಲಿ ಜ್ವರ ಹಿಡಿದು ಇಂಗ್ಲೆಂಡಿಗೆ ಮರಳಿದ ಅವರು 1916–17ರಲ್ಲಿ ಬರೆದ ಕತೆ ಗೊಂಡೊಲಿನ್ ಎಂಬ ಗುಪ್ತನಗರದ ಪತನದ್ದು. ಮುಂದೆ ಅದನ್ನು ವಿಸ್ತರಿಸಲು ಕೂತಾಗ ಕೊರಕಲಿನ ದಾರಿಯಲ್ಲಿ ಸಾಲಾಗಿ ಏಳು ಬಾಗಿಲು ನಿಲ್ಲಿಸಿದರು: ಮರದ್ದು, ಕಲ್ಲಿನದು, ಕಂಚಿನದು, ಹೆಣೆದ ಕಬ್ಬಿಣದ್ದು, ಬೆಳ್ಳಿಯದು, ಚಿನ್ನದ್ದು, ಉಕ್ಕಿನದು. ನಾಯಕ ತುವೋರ್ ಏಳನ್ನೂ ದಾಟಿ ದೂರದಲ್ಲಿ ಊರನ್ನು ಕಂಡ ಗಳಿಗೆಗೆ ಬರವಣಿಗೆ ನಿಂತುಹೋಗಿದೆ. ಅವರು ಅದನ್ನು ಮುಗಿಸಲೇ ಇಲ್ಲ. ಮಗ ಕ್ರಿಸ್ಟೋಫರ್ 1980ರಲ್ಲಿ ಅದನ್ನು ಇದ್ದಂತೆಯೇ ಅಚ್ಚು ಹಾಕಿಸಿದರು. ಆ ಊರಿನ ಪತನ ಹೇಗಾಯಿತೆಂಬುದು 1977ರ ‘ದಿ ಸಿಲ್ಮರಿಲಿಯನ್’ನಲ್ಲಿದೆ. ಏಳು ಬಾಗಿಲುಗಳ ಗೊಡವೆಗೆ ಹೋಗದೆ ಶತ್ರು ಬಡಗಣ ಬೆಟ್ಟ ಹತ್ತಿ, ಹಬ್ಬದ ಮುನ್ನಾ ರಾತ್ರಿ ಇಳಿದುಬಂದ. ಗುಟ್ಟು ಬಿಟ್ಟುಕೊಟ್ಟವನು ಅರಸನ ಸೋದರಳಿಯ.

ಪೀಟರ್ ಜಾಕ್ಸನ್ನರ 2003ರ ಸಿನಿಮಾದಿಂದ ಮಿನಾಸ್ ತಿರಿತ್ ಕಂಡವರೇ ಈಗ ಹೆಚ್ಚು. ವೆಲಿಂಗ್ಟನ್ ಹತ್ತಿರದ ಕಲ್ಲುಗಣಿಯಲ್ಲಿ ಹಾಕಿದ ಬೀದಿಗಳ ಸೆಟ್ಟು, 1:72 ಅಳತೆಯಲ್ಲಿ ಕೈಯಿಂದ ಕಟ್ಟಿದ ದೊಡ್ಡ ಮಾದರಿ, ಗಂಡಾಲ್ಫ್ ಸುತ್ತು ಸುತ್ತು ಏರುವ ಆ ಸವಾರಿ, ಇವುಗಳ ಮೇಲೆ ನನಗೆ ತುಂಬು ಗೌರವವಿದೆ. ಹೊರಗೋಡೆಯನ್ನು ಕಪ್ಪಿನ ಬದಲು ಬಿಳಿ ಮಾಡಿದ್ದನ್ನೂ ಒಪ್ಪಬಹುದು. ಬೆರೆಗೊಂಡನನ್ನು ಕೈಬಿಟ್ಟದ್ದು ಮಾತ್ರ ದೊಡ್ಡ ನಷ್ಟ. ಅವನಿಲ್ಲದೆ ಬಾಗಿಲವನಿಲ್ಲ, ಕೀಲಿಕೈಯಿಲ್ಲ, ಕಟ್ಟಳೆಗೂ ಕರುಣೆಗೂ ನಡುವೆ ಸಿಕ್ಕಿಬಿದ್ದ ಸಾಮಾನ್ಯ ಕಾವಲುಗಾರನಿಲ್ಲ.

ಯುದ್ಧ ಗೆದ್ದ ಮೇಲೆ ಅರಗೋರ್ನ್ ನಡೆದುಕೊಂಡ ರೀತಿಯೂ ಬಾಗಿಲಿನ ಮೇಲೆಯೇ ನಿಂತಿದೆ. ಅರಸುತನದ ಹಕ್ಕುದಾರ ಅವನು, ಎದುರಿಗೆ ಕದವೇ ಇಲ್ಲದ ಹಾಳು ಕಮಾನು. ಒಳಗೆ ಹೋಗುವುದಿಲ್ಲ, ಬಯಲಿನಲ್ಲಿ ಡೇರೆ ಹಾಕುತ್ತಾನೆ. ಗಾಯಾಳುಗಳಿಗೆ ಮದ್ದು ಮಾಡಲು ಕರೆ ಬಂದಾಗ ಮುಸುಕು ಹಾಕಿಕೊಂಡು ರಾತ್ರಿ ಬಂದು, ಆರನೆಯ ಸುತ್ತಿನ ಆ ಮನೆಗಳಲ್ಲಿ ಕೆಲಸ ಮಾಡಿ ಹೊರಟುಹೋಗುತ್ತಾನೆ. ಪಟ್ಟಾಭಿಷೇಕದ ದಿನ ಸುಟ್ಟ ಕಮಾನಿಗೆ ಅಡ್ಡಲಾಗಿ ಒಂದು ತಡೆಯನ್ನಷ್ಟೇ ಇಟ್ಟಿದ್ದಾರೆ, ಕತ್ತಿ ಹಿರಿದ ಕಾವಲಿನವರು ಅದರ ಹಿಂದೆ ನಿಂತಿದ್ದಾರೆ. ಇವನು ಅರಸನಾಗಿ ಊರೊಳಗೆ ಬರಲಿ ಎನ್ನುತ್ತೀರಾ ಎಂದು ಫಾರಮಿರ್ ಜನರನ್ನು ಕೇಳುತ್ತಾನೆ. ಜನ ಹೂಂಗುಟ್ಟಿ, ಕಿರೀಟ ತಲೆಗೇರಿದ ಮೇಲೆಯೇ ಆ ತಡೆ ಸರಿಯುತ್ತದೆ. ಮುಂದೆ ಅವನ ಒಡನಾಡಿ ಗಿಮ್ಲಿಯ ಕುಲದ ಕುಳ್ಳರು ಬಂದು ಉಕ್ಕು ಮತ್ತು ಮಿತ್ರಿಲ್ ಎಂಬ ಅಪೂರ್ವ ಲೋಹದಿಂದ ಹೊಸ ಕದ ಮಾಡಿಕೊಟ್ಟರು.

ಹೊಸ ಅರಸನ ಮುಂದೆ ಬಂದ ತೀರ್ಪುಗಳಲ್ಲಿ ಬೆರೆಗೊಂಡನದೂ ಒಂದು. ಪವಿತ್ರವಾದ ಜಾಗದಲ್ಲಿ ರಕ್ತ ಹರಿಸಿದವನು, ಪಹರೆ ಬಿಟ್ಟವನು. ಹಳೆಯ ಕಟ್ಟಳೆಯಂತೆ ಸಾಯಬೇಕು. ಒಡೆಯನ ಮೇಲಿನ ಪ್ರೀತಿಗಾಗಿ ಮಾಡಿದ್ದೆಂದು ಅರಗೋರ್ನ್ ಜೀವದಾನ ಕೊಟ್ಟ. ಆದರೂ ಒಳಕೋಟೆಯ ಕಾವಲಿನಲ್ಲಿ ನಿನಗೆ ಇನ್ನು ಜಾಗವಿಲ್ಲ, ಮಿನಾಸ್ ತಿರಿತ್ ಬಿಟ್ಟು ಹೊರಡು ಎಂದ. ಬೆರೆಗೊಂಡನ ಮುಖ ಬಿಳಿಚಿತು, ತಲೆ ತಗ್ಗಿತು. ಆಗ ಅರಸ ಮಾತು ಮುಂದುವರಿಸಿ, ಫಾರಮಿರನ ಬೆಂಗಾವಲು ಪಡೆಗೆ ನೀನು ನಾಯಕ. ಯಾರಿಗಾಗಿ ಎಲ್ಲವನ್ನೂ ಪಣಕ್ಕಿಟ್ಟೆಯೋ ಅವನ ಜೊತೆ ನದಿಯಾಚೆ ಎಮಿನ್ ಆರ್ನೆನ್‌ನಲ್ಲಿ ಇರು ಎಂದು ಅಪ್ಪಣೆ ಕೊಟ್ಟ.